ಮರಳುಗಲ್ಲಿನ ಮೇಲೊಂದು ಪಡಿಯಚ್ಚು

ಮನುಷ್ಯ ಮಣ್ಣಾಗುತ್ತಾನೆ, ಕಲ್ಲಿನಲ್ಲಿ ಕೊರೆದ ಅಕ್ಷರ ಮಾತ್ರ ಉಳಿಯುತ್ತದೆ ಎಂದು ಪ್ರಾಜ್ಞರು ಹೇಳುತ್ತಾರೆ. ಪ್ರಾಜ್ಞರು ಯಾರೂ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಕಡೆ ಬಂದಂತಿಲ್ಲ. ಇಲ್ಲಿಯ ಕೆಂಪು ಮರಳುಗಲ್ಲನ್ನು ಉಜ್ಜಿದರೆ ಬೆರಳಿಗೆ ಕುಂಕುಮದ ಹಾಗೆ ಅಂಟುತ್ತದೆ.

ಅದನ್ನು ನನಗೆ ಹೇಳಿದವರು ಒಬ್ಬ ಇಂಗ್ಲಿಷ್ ವಿದ್ವಾಂಸರು. ವಿದ್ವಾಂಸರೆಂದು ನಾನು ಕರೆಯುತ್ತೇನೆ. ಯೂನಿವರ್ಸಿಟಿಯವರು 'ಸ್ಥಳೀಯ ಆಸಕ್ತರು' ಎನ್ನುತ್ತಿದ್ದರು. ಹದಿನಾರಕ್ಕೆ ಶಾಲೆ ಬಿಟ್ಟು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾದವರು ಅಲ್ಲಿಯೇ ನಿವೃತ್ತರಾದರು. ಉಳಿದ ಹೊತ್ತೆಲ್ಲ ಸೈಕಲ್. ಸುತ್ತಲಿನ ಚರ್ಚುಗಳ ಒಂದೊಂದು ಗೋರಿಕಲ್ಲನ್ನೂ ಅಳೆದು ಬರೆದಿಟ್ಟಿದ್ದರು. ಕಲ್ಲಿನ ಚೂರನ್ನು ನಾಲಿಗೆಗಿಟ್ಟು ಯಾವ ಗಣಿಯದೆಂದು ಹೇಳುತ್ತಿದ್ದರು. ಪ್ರಕಟಿಸಿದ್ದು ಆರು ಕಿರುಹೊತ್ತಗೆ. ಅವುಗಳಿಂದ ಪ್ರೊಫೆಸರರು ಧಾರಾಳವಾಗಿ ಎತ್ತಿಕೊಂಡರು. ಇವರ ಹೆಸರು ಹಾಕಲು ಮಾತ್ರ ಅಡಿಟಿಪ್ಪಣಿಯಲ್ಲಿ ಜಾಗ ಸಾಲಲಿಲ್ಲ. ಬಾಳಿನಲ್ಲಿ ಅವರಿಗೆ ಸಿಕ್ಕಿದ ಒಂದೇ ಪದವಿಯೆಂದರೆ ಊರಿನ ಪ್ರಾಚ್ಯವಸ್ತು ಸಂಘದ ಸಮಿತಿಯಲ್ಲಿ ಒಂದು ಕುರ್ಚಿ.

ನಾನು ಅವರ ಜಿ.ಪಿ. ಇಲ್ಲಿ ಕುಟುಂಬ ವೈದ್ಯನಿಗೆ ಹಾಗೆನ್ನುತ್ತಾರೆ, ಅವನ ದವಾಖಾನೆಗೆ ಸರ್ಜರಿ ಎನ್ನುತ್ತಾರೆ. ಮೊಣಕಾಲು ತೋರಿಸಲು ಬಂದವರು, ನನ್ನ ಸೋದರಮಾವ ಮೈಸೂರಿನಲ್ಲಿ ಶಾಸನ ಇಲಾಖೆಯಲ್ಲಿದ್ದರೆಂದು ತಿಳಿದ ದಿನವೇ ಮೊಣಕಾಲನ್ನು ಮರೆತರು, ನನ್ನನ್ನು ಸಂಘಕ್ಕೆ ಸೇರಿಸಿಬಿಟ್ಟರು.

ಅವರ ಇಡೀ ಬದುಕು ಒಂದು ಕಲ್ಲಿನ ಮೇಲೆ ನಿಂತಿತ್ತು. ಹಳ್ಳಿಯೊಂದರ ಚರ್ಚಿನ ಅಂಗಳದಲ್ಲಿ ಸೊಂಟದೆತ್ತರದ ಮೋಟುಗಲ್ಲು. ಕುದುರೆ ಕಟ್ಟುವ ಕಲ್ಲೆಂದು ಪುಸ್ತಕಗಳು ಹೇಳುತ್ತಿದ್ದವು. ಅಲ್ಲ, ಅದು ಮುರಿದ ಶಿಲುಬೆಯ ಬುಡ, ಅದರ ಮೇಲೆ ದಾನಿಯ ಹೆಸರಿದೆ, ಆದ್ದರಿಂದ ಚರ್ಚು ಎಲ್ಲರೂ ನಂಬಿರುವುದಕ್ಕಿಂತ ಎರಡು ಶತಮಾನ ಹಳೆಯದು ಎಂದು ಇವರ ವಾದ. ಚಳಿಗಾಲದ ಓರೆಬಿಸಿಲಿನಲ್ಲಿ ಮಾತ್ರ ಆ ಏಳು ಅಕ್ಷರ ಕಾಣುತ್ತಿದ್ದವು. ನನಗೆ ತೋರಿಸಿದರು, ನಾನೂ ಕಂಡೆ. ಫೋಟೋದಲ್ಲಿ ಬರೀ ಬಿರುಕು. ಕಾಗದವಿಟ್ಟು ಮೇಣದ ಕಡ್ಡಿ ತೀಡಿದರೆ ಬರೀ ಮಚ್ಚೆ. ಪ್ರೊಫೆಸರೊಬ್ಬರು ಅದನ್ನು ನೋಡಿ, "ಹಿಮದ ಕೈಬರಹ" ಎಂದು ನಕ್ಕಿದ್ದರಂತೆ. ಏಪ್ರಿಲ್ ಒಳಗೆ ಸ್ಪಷ್ಟ ಪ್ರತಿ ಕೊಟ್ಟರೆ ಲೇಖನ ಪ್ರಕಟಿಸುತ್ತೇವೆ, ಇಲ್ಲವಾದರೆ ಇಲ್ಲ ಎಂದು ಸಂಘದ ಸಂಚಿಕೆಯವರು ಹೇಳಿದರು. ನಮ್ಮ ವಿದ್ವಾಂಸರಿಗಾಗ ಎಂಬತ್ತೊಂದು.

ಆಗ ನನ್ನೊಳಗಿನ ಕನ್ನಡಿಗ ಎದ್ದು ನಿಂತ. ನಮ್ಮಲ್ಲಿ ಪಡಿಯಚ್ಚು ತೆಗೆಯುತ್ತಾರೆ ಎಂದೆ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಅದು ಅಕ್ಷರದ ಗುಳಿಗಿಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟುವುದು. ಕಾಲೇಜು ರಜೆಯಲ್ಲಿ ಒಂದು ತಿಂಗಳು ಮಾವನ ಹಿಂದೆ ಬಕೆಟ್ ಹಿಡಿದು ತಿರುಗಿದ್ದೆ. ಅಷ್ಟರಿಂದಲೇ ತಜ್ಞನಾಗಿದ್ದೆ.

"ನಮ್ಮ ಕಲ್ಲು ಮೆತ್ತಗೆ, ಡಾಕ್ಟರ್," ಎಂದರು.

"ಕಲ್ಲಲ್ಲ, ನಿಮ್ಮ ಧೈರ್ಯ ಮೆತ್ತಗೆ. ನಮ್ಮಲ್ಲಿ ಸಾವಿರ ವರ್ಷದ ಶಾಸನಗಳೇ ಈ ಏಟು ತಿಂದು ನಿಂತಿವೆ."

ಅವರು ನಕ್ಕರು. ಅದು ಒಪ್ಪಿಗೆಯೋ ಬರೀ ಸೌಜನ್ಯವೋ, ಈ ದೇಶದಲ್ಲಿ ಮೂವತ್ತು ವರ್ಷ ಕಳೆದರೂ ನನಗೆ ಗುರುತಿಸಲು ಬಾರದು. ನಮ್ಮ ಮಾವ ಬಡಿದದ್ದು ಕಗ್ಗಲ್ಲನ್ನು ಎಂಬುದಂತೂ ಹೊಳೆಯಲೇ ಇಲ್ಲ.

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಹೋದೆವು. ಕಾಗದದಲ್ಲಿ ಪ್ರತಿ ತೆಗೆಯಲು ಚರ್ಚಿನವರು ಒಪ್ಪಿದ್ದರು. ರಾತ್ರಿ ಹೆಪ್ಪುಗಟ್ಟಿದ್ದ ಕಲ್ಲು ಆಗಷ್ಟೇ ಬೆವರುತ್ತಿತ್ತು. ನಾನು ತೋಳು ಮಡಿಸಿ ಶಾಸ್ತ್ರೋಕ್ತವಾಗಿ ಬಡಿದೆ. ಅವರು ಕೊಡೆ ಹಿಡಿದು ನಿಂತಿದ್ದರು. ಆಮೇಲೆ ಕಾಗದ ಎತ್ತಿದೆ. ಮಾತು ಕೊಟ್ಟಿದ್ದಂತೆ ಅಕ್ಷರಗಳು ಕಾಗದಕ್ಕೆ ಬಂದವು. ಕಲ್ಲಿನ ಸಿಪ್ಪೆಯ ಸಮೇತ ಎದ್ದು ಬಂದವು. ಕೈಯಲ್ಲಿ ಒಂದು ಕ್ಷಣ ನಿಂತು, ಕೆಂಪು ಪುಡಿಯಾಗಿ ಹುಲ್ಲಿಗೆ ಸುರಿದವು.

ಅವರು ಕೊಡೆ ಮಡಿಸಿದರು. ಆಮೇಲೆ, "ಏಳು ಅಕ್ಷರ ಇದ್ದವು. ನೀವು ನೋಡಿದ್ದೀರಲ್ಲ, ಡಾಕ್ಟರ್?" ಎಂದರು.

"ನೋಡಿದ್ದೇನೆ."

"ಸರಿ. ಹಾಗಾದರೆ ಇಬ್ಬರಾದೆವು."

ಚರ್ಚಿನವರು ದೂರು ಕೊಟ್ಟರು, ಸಂಘ ವಿಚಾರಣೆಗೆ ಸಭೆ ಕರೆಯಿತು. ನಾನು ನಿಜ ಹೇಳುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

"ಹೇಳಿ ಹೇಳಿ. ನಾಳೆ ಪೇಪರ್‌ನಲ್ಲಿ 'ಇಂಡಿಯನ್ ಡಾಕ್ಟರ್ ಚರ್ಚ್ ಕಲ್ಲು ಒಡೆದ' ಅಂತ ನಿಮ್ಮ ಫೋಟೋ ಬರುತ್ತೆ. ಸರ್ಜರಿ ಗಾಜಿಗೆ ಇನ್ನೊಂದು ಕಲ್ಲು ಬೀಳುತ್ತೆ. ಅದರದ್ದೂ ಅಚ್ಚು ತೆಕ್ಕೊಳ್ಳಿ."

"ಪಾಪ ಕಣೇ, ಆ ಮನುಷ್ಯ..."

"ಪಾಪ ಅನ್ನೋದಕ್ಕೇನು, ಇಲ್ಲಿ ಕೂತೇ ಅನ್ನಿ. ಅವರು ಈ ಊರೋರು ರೀ. ಅವರಿಗೇನಾಗುತ್ತೆ?"

ನನಗೆ ಬೇಕಾಗಿದ್ದದ್ದು ಇಂಥದೇ ಒಂದು ಮಾತು. ತಕ್ಷಣ ಒಪ್ಪಿದೆ.

ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತೆ. ಅಧ್ಯಕ್ಷರು ನಿವೃತ್ತ ವಕೀಲರು.

"ಬಡಿದವರು ಯಾರು?"

"ನಾನು," ಎಂದರು ನಮ್ಮ ವಿದ್ವಾಂಸರು.

"ಒಬ್ಬರೇ?"

"ಒಬ್ಬನೇ."

"ಜೀವಮಾನವೆಲ್ಲ ಕಲ್ಲು ನೋಡಿದವರು. ಮರಳುಗಲ್ಲನ್ನು ಬಡಿಯಬಾರದೆಂದು ಗೊತ್ತಿರಲಿಲ್ಲವೇ?"

"ಗೊತ್ತಿರಬೇಕಾಗಿತ್ತು."

ಯಾರೋ ಹಿಂದೆ ಕಿಸಕ್ಕೆಂದರು. ಅಧ್ಯಕ್ಷರು ಕನ್ನಡಕ ತೆಗೆದು, "ಅಲ್ಲಿ ಅಕ್ಷರಗಳಿದ್ದದ್ದನ್ನು ಬೇರೆ ಯಾರಾದರೂ ಕಂಡಿದ್ದಾರೆಯೇ?" ಎಂದು ಸಭೆಯನ್ನೇ ಕೇಳಿದರು.

ಕಂಡಿದ್ದೇನೆ ಎಂದರೆ, ಬಡಿದಾಗ ನೀವೆಲ್ಲಿದ್ದಿರಿ ಎಂಬುದು ಮುಂದಿನ ಪ್ರಶ್ನೆ. ವಿದ್ವಾಂಸರು ನನ್ನ ಕಡೆ ತಿರುಗಲಿಲ್ಲ. ನಾನು ಕಾರ್ಯಸೂಚಿಯ ಹಾಳೆಯನ್ನು ಬಹಳ ಶ್ರದ್ಧೆಯಿಂದ ಓದಿದೆ. ಅದರಲ್ಲಿ ಐದು ಸಾಲುಗಳಿದ್ದವು, ಕೊನೆಯದು ಚಹಾ.

ಶಾಸನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂದು ನಮ್ಮ ಹಿರಿಯರು ಕಲ್ಲಿನಲ್ಲೇ ಕೊರೆಸಿಟ್ಟಿದ್ದಾರೆ. ಕೆಡಿಸಿ ಸುಮ್ಮನೆ ಕುಳಿತವನಿಗೆ ಎಷ್ಟು ಕವಿಲೆ ಎಂದು ಬರೆಸಿಲ್ಲ. ಸಂಘದ ನಿಯಮಾವಳಿಯಲ್ಲಂತೂ ಹಸುವಿನ ಮಾತೇ ಇರಲಿಲ್ಲ. ಹನ್ನೊಂದು ಕೈಗಳೆದ್ದವು, ಅವರ ಸದಸ್ಯತ್ವ ರದ್ದಾಯಿತು. ನಾನು ತಟಸ್ಥನಾಗಿ ಉಳಿದೆ. ಅದನ್ನೇ ಸ್ನೇಹವೆಂದು ಅವರು ತಿಳಿಯಲಿ ಎಂದು ಆಶಿಸಿದೆ.

ಲೇಖನ ಆಧಾರವಿಲ್ಲವೆಂದು ವಾಪಸಾಯಿತು. ಆ ಬೇಸಿಗೆಯಲ್ಲಿ ಅವರು ಬೇರೆ ಸರ್ಜರಿಗೆ ಹೆಸರು ಬದಲಾಯಿಸಿಕೊಂಡರು. ಕಾರಣದ ಜಾಗದಲ್ಲಿ 'ಬಸ್ಸಿಗೆ ಅನುಕೂಲ' ಎಂದು ಬರೆದಿದ್ದರು. ಆ ಸರ್ಜರಿಗೆ ಎರಡು ಬಸ್ಸು ಹಿಡಿಯಬೇಕು.

ಮರುವರ್ಷ ಅಧ್ಯಕ್ಷರು ನನಗೆ ಫೋನ್ ಮಾಡಿ, ಸಮಿತಿಗೆ ಹೊಸ ಮುಖಗಳು ಬೇಕಾಗಿವೆ ಎಂದರು. ಜನವರಿಯ ಸಭೆಯಲ್ಲಿ ವಿದ್ವಾಂಸರಿಂದ ತೆರವಾದ ಸ್ಥಾನಕ್ಕೆ ನಾನು ಅವಿರೋಧವಾಗಿ ಆಯ್ಕೆಯಾದೆ.