ಅಂಚಿನ ಸಾಲಿನ ಸೊಪ್ಪು

ಹೋದ ತಿಂಗಳು ಚಿಂತಾಮಣಿಯ ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು. ಭಾಷಣ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಇಡೀ ಜೀವನ ಒಂದೇ ಎನ್‌ಜೈಮಿನ ಹಿಂದೆ ಬಿದ್ದಿದ್ದೀರಲ್ಲ ಮೇಡಂ, ಬೇಜಾರಾಗಲಿಲ್ಲವಾ ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಕುತೂಹಲ ಅದು ಇದು ಎಂದು ಏನೋ ಒಂದು ಹೇಳಿ ಕೂತೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೇಲೇ ಸಿಟ್ಟು ಬಂತು. ಅಷ್ಟು ನೇರವಾಗಿ ಕೇಳಿದ ಹುಡುಗಿಗೆ ನಾನು ಸಬೂಬು ಹೇಳಿ ಬಂದಿದ್ದೆ. ಹೇಳಬೇಕಿದ್ದದ್ದು ಇದು.

ನಮ್ಮದು ದಿಬ್ಬೂರಹಳ್ಳಿ ಕಡೆಯ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆ. ಅಮ್ಮನ ಕೈಗುಣ ಅಕ್ಕಪಕ್ಕದ ಊರಿಗೆಲ್ಲ ಗೊತ್ತಿತ್ತು. ಚಾಕಿ ಹುಳ, ಅಂದರೆ ಆಗತಾನೇ ಮೊಟ್ಟೆಯೊಡೆದ ಮರಿಗಳು, ಕೂದಲಿನ ಚೂರಿನಷ್ಟಿರುತ್ತವೆ. ಅವಕ್ಕೆ ಮೊದಲ ಸೊಪ್ಪು ಹಾಕಲು ಜನ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರು. ಅವಳು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಕೈ ಅಲ್ಲಾಡಿದ್ದೇ ಕಾಣದ ಹಾಗೆ ಉದುರಿಸುತ್ತಿದ್ದಳು. ಹೋಗಿ ಬಂದ ದಿನವೆಲ್ಲ ಅವಳ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ನನಗೆ ಆ ಗತ್ತು ಬಹಳ ಇಷ್ಟ.

ಹುಳದ ಮನೆಗೆ ಕಾನೂನು ಮಾಡುತ್ತಿದ್ದದ್ದು ಅಜ್ಜಿ, ಅಪ್ಪನ ತಾಯಿ. ಚಪ್ಪಲಿ ಹಾಕಿಕೊಂಡು ಬರಬಾರದು, ಸೆಂಟು ಹಾಕಿಕೊಂಡು ಬರಬಾರದು, ಒಗ್ಗರಣೆ ಘಾಟು ಆ ಕಡೆ ಸುಳಿಯಬಾರದು, ಕೈಕಾಲು ತೊಳೆಯದೆ ಹೊಸಿಲು ದಾಟಬಾರದು. ಎಲ್ಲಕ್ಕಿಂತ ದೊಡ್ಡದು, ಮುಟ್ಟಾದವರು ಒಳಗೆ ಕಾಲಿಡಬಾರದು. ಅಜ್ಜಿಗೆ ಕೋಪ ಬಂದರೂ ಮುದ್ದು ಬಂದರೂ ಬಾಯಿಗೆ ಬರುತ್ತಿದ್ದದ್ದು ತೆಲುಗು. ಅದರಲ್ಲಿ ಬೈಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ಬಚ್ಚಲಿನಲ್ಲಿ ನನಗೆ ಗೊತ್ತಾಯಿತು, ನಾನು ದೊಡ್ಡವಳಾಗಿದ್ದೇನೆ. ಗೊತ್ತಾದ ತಕ್ಷಣ ತಲೆಗೆ ಬಂದದ್ದು ಒಂದೇ: ಮೂರು ದಿನ ಬಿಟ್ಟು ಶಿಡ್ಲಘಟ್ಟದಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ. ಹೇಳಿದರೆ ಹನ್ನೊಂದು ದಿನ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸುತ್ತಾರೆ, ಪರೀಕ್ಷೆ ಕಥೆ ಮುಗಿಯಿತು. ನಾನು ಹಟಮಾರಿ. ಹಳೇ ಸೀರೆಯ ಬಟ್ಟೆ ಹರಿದುಕೊಂಡೆ, ಬಾಯಿ ಮುಚ್ಚಿಕೊಂಡೆ.

ಆ ವಾರ ಅಮ್ಮ ತೋಟದ ಬದುವಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ತೋಟದವರೆಗೆ ನಡೆಯಲು ಆಗುತ್ತಿರಲಿಲ್ಲವಾದ್ದರಿಂದ ಅಜ್ಜಿ ಸೊಪ್ಪು ಕುಯ್ದು ತರುತ್ತಿದ್ದಳು, ಅಮ್ಮನೂ ನಾನೂ ಹುಳಕ್ಕೆ ಹಾಕುತ್ತಿದ್ದೆವು. ಹುಳ ಕೊನೆಯ ಪೊರೆ ಕಳಚಿ ಬೆರಳುದ್ದ ಬೆಳೆದಿದ್ದವು, ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕು. ಆ ಹೊತ್ತಿನಲ್ಲಿ ಅವು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗಿರುತ್ತದೆ. ಅವತ್ತು ಬೆಳಗ್ಗೆಯೂ ನಾನು ಸೊಪ್ಪು ಹಾಕಿ ಸ್ಕೂಲಿಗೆ ಹೋದೆ. ಸಂಜೆ ಬಂದಾಗ ಆ ಸದ್ದು ನಿಂತಿತ್ತು. ಹುಳಗಳು ತಲೆ ಎತ್ತಿ ಎತ್ತಿ ಒಗೆಯುತ್ತಿದ್ದವು, ಹಸಿರು ರಸ ಕಕ್ಕುತ್ತಿದ್ದವು, ಮೈ ಮುದುಡಿಕೊಳ್ಳುತ್ತಿದ್ದವು. ಮಾರನೇ ದಿನ ಅಷ್ಟನ್ನೂ ಗುಂಡಿ ತೆಗೆದು ಮುಚ್ಚಿದೆವು.

ಮುಟ್ಟಾದವರು ಯಾರಾದರೂ ಒಳಗೆ ಹೋಗಿದ್ದಾರೆ ಎಂದು ಅಜ್ಜಿ ಅಂಗಳದಲ್ಲಿ ನಿಂತು ಕೂಗಾಡತೊಡಗಿದಳು. ನಾನು ಅಮ್ಮನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಪರೀಕ್ಷೆ ಯಾವಾಗ ಎಂದು ಕೇಳಿದಳು, ನಾಡಿದ್ದು ಎಂದೆ. ಕುಂಟುತ್ತಾ ಅಂಗಳಕ್ಕೆ ಹೋಗಿ ಅಜ್ಜಿಯ ಮುಂದೆ ನಿಂತು, “ನಾನೇ ಹೋಗಿದ್ದು ಅತ್ತೆ. ಕೆಲಸ ನಿಲ್ತದೆ ಅಂತ ಹೇಳ್ದೆ ಇದ್ದೆ” ಅಂದಳು.

ಗೊತ್ತಿದ್ದೂ ಹೋದವಳ ಕೈ ಇನ್ನು ಈ ಮನೆಯ ಹುಳಕ್ಕೆ ತಾಕಕೂಡದು ಎಂದು ಅಜ್ಜಿ ದೇವರ ಮುಂದೆ ದೀಪ ಹಚ್ಚಿ ಹೇಳಿಬಿಟ್ಟಳು. ಅಪ್ಪ ತಾಯಿಗೆ ಎದುರಾಡುವ ಆಸಾಮಿಯಲ್ಲ. ಅಂದಿನಿಂದ ಅಮ್ಮ ಸೊಪ್ಪು ಕುಯ್ದು ತಂದು ಹೊಸಿಲಾಚೆ ಕೂತು ಹೆಚ್ಚಿ, ಬುಟ್ಟಿಯನ್ನು ಒಳಕ್ಕೆ ದೂಡುತ್ತಿದ್ದಳು. ಸುದ್ದಿ ಊರಿಗೆಲ್ಲ ಹಬ್ಬಿತು. ಚಾಕಿಗೆ ಕರೆಯಲು ಯಾರೂ ಬರಲಿಲ್ಲ. ನಾನು ಪರೀಕ್ಷೆ ಬರೆದೆ, ಪಾಸಾದೆ. ನಾನು ದೊಡ್ಡವಳಾದ ವಿಷಯವನ್ನು ಅಮ್ಮ ಮನೆಗೆ ತಿಳಿಸಿದ್ದು ಮುಂದಿನ ತಿಂಗಳು, ಆಗಷ್ಟೇ ಆದ ಹಾಗೆ.

ಓದು ನನ್ನನ್ನು ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ದಿತು. ರಜೆಗೆ ಬಂದಾಗಲೆಲ್ಲ ಅಮ್ಮ ಹೊಸಿಲಾಚೆಯೇ ಕೂತಿರುತ್ತಿದ್ದಳು. ಜೀವಶಾಸ್ತ್ರದ ಪುಸ್ತಕಗಳನ್ನು ಅರೆದು ಕುಡಿದಿದ್ದೆ, ಮುಟ್ಟಿನಿಂದ ಹುಳ ಸಾಯುವುದಿಲ್ಲ ಎಂದು ಬುದ್ಧಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವು ಸತ್ತಿದ್ದು ನಾನು ಸೊಪ್ಪು ಹಾಕಿದ ದಿನವೇ. ಮತ್ತೆ ಯಾಕೆ ಸತ್ತವು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಶೋಧನೆಯ ಎರಡನೇ ವರ್ಷ ನನ್ನ ಗೈಡು ಒಂದು ಎನ್‌ಜೈಮಿನ ಕೆಲಸ ಕೊಟ್ಟರು. ಹೆಸರು ಉದ್ದ, ಅಸಿಟೈಲ್‌ಕೋಲಿನ್‌ಎಸ್ಟರೇಸ್. ನಾನು ಹೇಳಿದರೆ ಅಮ್ಮ ಇವತ್ತಿಗೂ ನಗುತ್ತಾಳೆ. ಒಂದು ನರ ಮುಗಿದು ಇನ್ನೊಂದು ಶುರುವಾಗುವ ಸಂದಿಗೆ ಸಿನಾಪ್ಸ್ ಎನ್ನುತ್ತಾರೆ. ಆ ಸಂದಿಯನ್ನು ಸುದ್ದಿ ದಾಟುವುದು ಒಂದು ರಾಸಾಯನಿಕದ ಮೂಲಕ. ದಾಟಿದ ಮೇಲೆ ಅದನ್ನು ತೆಗೆದು ಜಾಗ ಚೊಕ್ಕ ಮಾಡುವುದು ಈ ಎನ್‌ಜೈಮು. ಮದುವೆ ಮನೆಯಲ್ಲಿ ಒಂದು ಪಂಕ್ತಿ ಎದ್ದ ಕೂಡಲೇ ಎಲೆ ಎತ್ತುವವರು ಇರುತ್ತಾರಲ್ಲ, ಹಾಗೆ. ಇದರ ಕೈ ಕಟ್ಟಿದರೆ ಸುದ್ದಿ ನಿಲ್ಲುವುದೇ ಇಲ್ಲ, ಮೈ ಸೆಟೆದು ಅದುರುತ್ತಲೇ ಇರುತ್ತದೆ. ಕೀಟನಾಶಕಗಳಲ್ಲಿ ಎಷ್ಟೋ ಮಾಡುವುದು ಇದನ್ನೇ.

ರೇಷ್ಮೆ ಹುಳವೊಂದಕ್ಕೆ ಅಂಥ ಔಷಧಿಯ ಒಂದು ತೊಟ್ಟು ಹಾಕಿ ನೋಡುವುದು ಅಂದಿನ ಪ್ರಯೋಗ. ಹಾಕಿದೆ. ಸ್ವಲ್ಪ ಹೊತ್ತಿಗೆ ಹುಳ ತಲೆ ಎತ್ತಿ ಒಗೆಯಿತು. ಆಮೇಲೆ ಹಸಿರು ರಸ ಕಕ್ಕಿತು. ಗಾಜಿನ ತಟ್ಟೆಯ ಮುಂದೆ ಕೂತವಳು ಜೋರಾಗಿ ಅತ್ತುಬಿಟ್ಟೆ, ಪಕ್ಕದವರು ಕೈಗೆ ಆಸಿಡ್ ಬಿತ್ತೇನೋ ಎಂದು ಓಡಿ ಬಂದರು.

ಮಾರನೇ ಬೆಳಗ್ಗೆಯೇ ಬಸ್ಸು ಹತ್ತಿ ಊರಿಗೆ ಬಂದೆ. ಅವರೆಕಾಯಿ ಕಾಲ. ಅಜ್ಜಿ ಜಗಲಿಯ ಮೇಲೆ ಕಾಯಿ ಬಿಡಿಸುತ್ತಿದ್ದಳು, ಅಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಚೀಲ ಕೂಡ ಇಳಿಸದೆ ಒಳಗೆ ಹೋಗಿ ಅಮ್ಮನ ಮುಂದೆ ಶುರು ಹಚ್ಚಿಕೊಂಡೆ. ಆ ವರ್ಷ ನಮ್ಮ ತೋಟದ ಪಕ್ಕ ಹೊಸದಾಗಿ ದ್ರಾಕ್ಷಿ ಹಾಕಿದ್ದರಲ್ಲ, ಅದಕ್ಕೆ ಔಷಧಿ ಹೊಡೆದಿದ್ದಾರೆ, ಗಾಳಿಗೆ ನಮ್ಮ ಅಂಚಿನ ಸಾಲಿನ ಮೇಲೆ ಕೂತಿದೆ, ಆ ಸೊಪ್ಪು ತಿಂದು ಹುಳ ಸತ್ತಿವೆ, ನಿನ್ನದೂ ತಪ್ಪಲ್ಲ ನನ್ನದೂ ತಪ್ಪಲ್ಲ, ಈಗಲೇ ಹೋಗಿ ಅಜ್ಜಿಗೆ ಹೇಳುತ್ತೇನೆ ಎಂದೆ.

ಅಮ್ಮ ರೊಟ್ಟಿ ತಿರುವಿ ಹಾಕಿದಳು. ಕಣ್ಣಲ್ಲಿ ನೀರು ತುಂಬಿತ್ತು, ಸಂತೋಷವೂ ಇತ್ತು. ಆಮೇಲೆ ದನಿ ಇಳಿಸಿ, “ಅವತ್ತು ಸೊಪ್ಪು ಕುಯ್ಕೊಂಬಂದಿದ್ದು ಯಾರು ಅಂತ ಜ್ಞಾಪಕ ಐತೇನಮ್ಮ?” ಅಂದಳು.

ಆಗ ನೆನಪಾಯಿತು. ಅಮ್ಮನ ಕಾಲು ಉಳುಕಿತ್ತು. ಆ ವಯಸ್ಸಿನಲ್ಲಿ ದೂರ ನಡೆಯಲಾರದೆ ಅಜ್ಜಿ ಮನೆಗೆ ಹತ್ತಿರದ ಆ ಅಂಚಿನ ಸಾಲಿಂದಲೇ ಕುಯ್ದು ತಂದಿದ್ದಳು. ಅವರಿಗೆ ಈಗ ವಯಸ್ಸಾಗಿದೆ, ಗೊತ್ತಾದರೆ ಎದೆ ಒಡಕೊಳ್ತಾರೆ, ಇಷ್ಟು ದಿನ ಕೂತಿದ್ದೀನಿ ಇನ್ನಷ್ಟು ದಿನ ಕೂತರೆ ಏನಾಗುತ್ತೆ, ಬಿಟ್ಟುಬಿಡು ಎಂದಳು ಅಮ್ಮ. ನನಗೆ ಮೈ ಉರಿಯಿತು. ಹನ್ನೆರಡು ವರ್ಷ ಹೊರಗೆ ಕೂತವಳು ಹೀಗನ್ನಬಹುದೇ?

ಹೊರಗೆ ಬಂದರೆ ಅಜ್ಜಿಯ ಕೈ ನಿಂತಿತ್ತು. ಮೊರದ ತುಂಬ ಅವರೆ ಹಾಗೇ ಇತ್ತು. ಗೋಡೆ ಮಣ್ಣಿನದಾದರೂ ಬಾಗಿಲು ತೆರೆದಿತ್ತಲ್ಲ, ನನ್ನ ಗಂಟಲೋ ದೊಡ್ಡದು, ಎಲ್ಲ ಅವಳಿಗೆ ಕೇಳಿಸಿತ್ತು. ಅಜ್ಜಿ ನನ್ನನ್ನು ಪಕ್ಕ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಆ ಹುಳಕ್ಕೆ ಬಾಳ ನೋವಾಯ್ತೇನಮ್ಮ?”

ಗೊತ್ತಿಲ್ಲ ಅಜ್ಜಿ ಎಂದೆ. ವಿಜ್ಞಾನಿಯಾಗಿ ಅದೇ ನಿಜವಾದ ಉತ್ತರ. ಮೊಮ್ಮಗಳಾಗಿ ಅವಳ ಕೈ ಹಿಡಿದುಕೊಂಡು ಕೂತೆ.

ಎರಡು ದಿನಕ್ಕೆ ಮೊಟ್ಟೆಯೊಡೆದು ಚಾಕಿ ಹುಳ ಬರುವುದಿತ್ತು. ನಾನೂ ಉಳಿದುಕೊಂಡೆ. ಆ ಬೆಳಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು ಬಂದು, ಹೊಸಿಲಾಚೆ ಕೂತು ಸೊಪ್ಪು ಹೆಚ್ಚುತ್ತಿದ್ದ ಅಮ್ಮನ ಮುಂದೆ ನಿಂತಳು. ಬುಟ್ಟಿಯನ್ನು ಎತ್ತಿ ಅಮ್ಮನ ಕೈಗೇ ಕೊಟ್ಟು, “ಲೋಪಲಿಕಿ ಪೋ ತಲ್ಲಿ” ಅಂದಳು. ಒಳಗೆ ಹೋಗು ತಾಯಿ ಎಂದು. ಅಮ್ಮ ಎದ್ದಳು, ಹೊಸಿಲು ದಾಟಿದಳು. ಅಜ್ಜಿ ದಾಟಲಿಲ್ಲ. ಅಮ್ಮ ಕೂರುತ್ತಿದ್ದ ಗೋಣಿತಟ್ಟಿನ ಮೇಲೆ ಮೆಲ್ಲಗೆ ಕೂತುಬಿಟ್ಟಳು.

“ಬನ್ನಿ ಅತ್ತೆ, ಒಬ್ಬಳ ಕೈಲಿ ಆಗಲ್ಲ,” ಅಂದಳು ಅಮ್ಮ ಒಳಗಿಂದ.

“ಆ ಸೊಪ್ಪು ಕುಯ್ದೋಳು ನಾನಲ್ವೇನಮ್ಮ. ಇಲ್ಲೇ ಕೂತಿರ್ತೀನಿ.”

ಅಮ್ಮ ಬುಟ್ಟಿ ಕೆಳಗಿಟ್ಟು ಹೊರಗೆ ಬಂದಳು. “ಅವತ್ತು ನಾನು ಮುಟ್ಟಾಗಿರ್ಲೇ ಇಲ್ಲ ಅತ್ತೆ. ದೇವರ ಮುಂದೆ ನಿಮ್ಮ ಕೈಲಿ ಸುಳ್ಳಿಗೆ ದೀಪ ಹಚ್ಚಿಸ್ದೆ. ನೀವು ಇಲ್ಲಿ ಕೂತ್ರೆ ನಾನೂ ಪಕ್ಕದಲ್ಲೇ ಕೂರ್ಬೇಕಾಗ್ತದೆ.”

ಅಜ್ಜಿ ಅಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು. ಏಳನೇ ಕ್ಲಾಸಿನ ಹುಡುಗಿ ಅವಳಿಗೆ ಕಂಡಿರಬೇಕು. ಅಮ್ಮನ ತೋಳು ಹಿಡಿದು ಎದ್ದಳು. ಇಬ್ಬರೂ ತೊಟ್ಟಿಯ ಹತ್ತಿರ ಹೋಗಿ, ಒಬ್ಬರ ಕೈಗೆ ಒಬ್ಬರು ನೀರು ಹಾಕಿಕೊಂಡು ತೊಳೆದು, ಒಳಗೆ ಹೋದರು.

ನಾನು ಹೊರಗೇ ನಿಂತೆ. ಅಂದು ನನಗೆ ಮುಟ್ಟಿನ ಎರಡನೇ ದಿನ. ಪ್ರಯೋಗಾಲಯದಲ್ಲಿ ದಿನವೂ ಹುಳ ಮುಟ್ಟುವವಳಿಗೆ ಆ ಹೊಸಿಲಿನ ಮುಂದೆ ಮಾತ್ರ ಕಾಲು ಏಳಲಿಲ್ಲ. ಇನ್ನೊಂದು ಸಲ ಮುಚ್ಚಿಟ್ಟು ಒಳಗೆ ಹೋಗುವುದು ಬೇಡ ಅನ್ನಿಸಿ, ಅಜ್ಜಿಗೆ ಹೇಳಿಬಿಟ್ಟೆ. ಅವಳು ಸೊಪ್ಪು ಉದುರಿಸುವುದನ್ನು ನಿಲ್ಲಿಸಿ, ತುಸು ಯೋಚಿಸಿದಳು.

“ಕೈ ತೊಳ್ಕೊಂಡಿದ್ದೀಯಾ?”

ಹೂಂ ಎಂದೆ.

“ಹಂಗಾದ್ರೆ ಬಾರಮ್ಮ, ಸೊಪ್ಪು ಬಾಡ್ತದೆ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು.