ಯಾರೂ ನಂಬದ ವೈರಕ್ಕ

ವಿಶ್ವವಿದ್ಯಾಲಯದ ಹಾಸ್ಟೆಲಿನ ಇಂಟರ್ನೆಟ್ ನೋಡಿಕೊಳ್ಳುತ್ತಿದ್ದವಳಿಗೆ ಮಕ್ಕಳು ಇಟ್ಟ ಅಡ್ಡಹೆಸರು ವೈರಕ್ಕ. ಗೋಡೆಯೊಳಗಿನ ವೈರಿನಿಂದ ಬಂದ ಹೆಸರೋ, ದಿನವಿಡೀ ಸಿನಿಮಾ ಇಳಿಸಿಕೊಳ್ಳುವವರ ಮೇಲೆ ಅವಳು ಸಾಧಿಸುತ್ತಿದ್ದ ವೈರದಿಂದ ಬಂದದ್ದೋ, ಇಟ್ಟವರಿಗೇ ಗೊತ್ತು. ಕೈಯಲ್ಲಿ ಟಾರ್ಚು, ತಲೆಗೂದಲಲ್ಲಿ ಜೇಡರಬಲೆ. ಹಾಸ್ಟೆಲಿನ ಹಿಂದಿನ ಪುಟ್ಟ ಮನೆಯಲ್ಲಿ ತಾಯಿಯೊಂದಿಗೆ ವಾಸ.

ಮಕ್ಕಳು ಸಿಕ್ಕಸಿಕ್ಕ ಮೇಲ್‌ಗೆಲ್ಲ ಪಾಸ್‌ವರ್ಡ್ ಕೊಟ್ಟುಬಿಡುತ್ತಿದ್ದರು. ಬುದ್ಧಿ ಕಲಿಸಲೆಂದು ವೈರಕ್ಕ ತಾನೇ ಕಳ್ಳ ಮೇಲ್ ಕಳಿಸತೊಡಗಿದಳು: ‘ನಿಮಗೆ ಸೈಕಲ್ ಬಹುಮಾನ ಬಂದಿದೆ, ಪಾಸ್‌ವರ್ಡ್ ಒತ್ತಿ.’ ಒತ್ತಿದರೆ ‘ಮೋಸ ಹೋದಿರಿ. ಇಂತಿ, ವೈರಕ್ಕ’ ಎಂದು ಬರುತ್ತಿತ್ತು. ಮೊದಲ ಸಲ ಅರ್ಧ ಹಾಸ್ಟೆಲೇ ಬಲೆಗೆ ಬಿತ್ತು. ವಾರ್ಡನ್ನರಂತೂ ಸೈಕಲ್ ಯಾವ ಬಣ್ಣದ್ದೆಂದು ವಿಚಾರಿಸಲು ಖುದ್ದಾಗಿ ಬಂದರು. ವರ್ಷ ಕಳೆಯುವಷ್ಟರಲ್ಲಿ ಒಬ್ಬರೂ ಬೀಳದಂತಾಯಿತು. ವೈರಕ್ಕ ಬೀಗಿದಳು.

ಆಗ ಬಂದ ನಿಜವಾದ ಕಳ್ಳ. ಹೊರಗಿನವನ್ಯಾರೋ ನುಗ್ಗಿ ಪಾಸ್‌ವರ್ಡುಗಳ ಗಂಟನ್ನೇ ಹೊತ್ತೊಯ್ದಿದ್ದ. ‘ಎಲ್ಲರೂ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ’ ಎಂದು ವೈರಕ್ಕ ಮೇಲ್ ಹಾಕಿದಳು. ‘ಈ ಸಲ ಸೈಕಲ್ಲೂ ಇಲ್ವಾ ಅಕ್ಕಾ?’ ಎಂದು ಉತ್ತರ ಬಂತು. ನೋಟಿಸ್ ಅಂಟಿಸಿದಳು, ಯಾರೋ ಅದರ ಮೇಲೆ ‘ಎಚ್ಚರ, ಮೋಸ’ ಎಂದು ಗೀಚಿದರು. ಕೊನೆಗೆ ಊಟದ ಕೋಣೆಯಲ್ಲಿ ಬೆಂಚು ಹತ್ತಿದಳು.

“ಈ ಸಲ ನಿಜ ಕಣ್ರೋ, ನನ್ನಾಣೆ.”

“ಯಾರು ಅವಸರ ಮಾಡಿದ್ರೂ ನಂಬಬೇಡಿ ಅಂತ ನೀವೇ ಹೇಳಿದ್ದಲ್ವಾ ಅಕ್ಕಾ?” ಎಂದಳು ಒಬ್ಬಳು, ತಟ್ಟೆಯಿಂದ ಕಣ್ಣೆತ್ತದೆ.

ವೈರಕ್ಕನಿಗೆ ಸಿಟ್ಟಿನ ಜೊತೆಗೇ ಒಳಗೊಳಗೆ ಖುಷಿಯೂ ಆಯಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು ನಿಜ. ಹಳ್ಳವನ್ನಂತೂ ಚೆನ್ನಾಗಿ ತೋಡಿದ್ದಳು.

ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತವಳನ್ನು ಅಮ್ಮ ವಿಚಾರಿಸಿದಳು. ಮಕ್ಕಳ ಅಂಗಿಯ ಕಿತ್ತುಹೋದ ಗುಂಡಿ ಹೊಲಿದುಕೊಡುತ್ತಿದ್ದ ಆಕೆ ಇಡೀ ಹಾಸ್ಟೆಲಿಗೆ ಅಜ್ಜಿ.

“ಇಷ್ಟೇ ತಾನೆ? ನಾನು ಹೇಳ್ಬರ್ತೀನಿ ಬಿಡು” ಎಂದು ಚಪ್ಪಲಿ ಮೆಟ್ಟಿದಳು.

ಅಜ್ಜಿ ಒಂದೊಂದೇ ಬಾಗಿಲು ತಟ್ಟಿದಳು. “ಮಗಾ, ಅದು ನಮ್ಮವಳೇ ಕಳ್ಸಿದ್ದು. ಬದಲಾಯಿಸು, ನಾನಿಲ್ಲೇ ನಿಂತಿರ್ತೀನಿ.” ಸಂಜೆಯೊಳಗೆ ಹಾಸ್ಟೆಲಿಗೆ ಹಾಸ್ಟೆಲೇ ಪಾಸ್‌ವರ್ಡ್ ಬದಲಾಯಿಸಿತ್ತು. ವೈರಕ್ಕನಿಗೆ ಹೋದ ಜೀವ ಬಂದಂತಾಯಿತು.

“ಒಳ್ಳೇ ಮಕ್ಕಳು ಕಣೆ,” ಎಂದಳು ಅಮ್ಮ ಕಾಲು ನೀವಿಕೊಳ್ಳುತ್ತ. “ಮರೆತುಹೋದ್ರೆ ಏನ್ಮಾಡ್ತೀರಿ ಅಂತ ಕೇಳ್ದೆ. ಎಲ್ರೂ ನನ್ನ ಕಿವೀಲೇ ಹೇಳಿಟ್ರು. ಮೇಲಿನ ಮಹಡಿಯವಳು ಬೆಕ್ಕಿನ ಹೆಸರು ಇಟ್ಟಿದ್ದಾಳೆ. ವಾರ್ಡನ್ನು ಹೆಂಡತಿ ಹೆಸರಿಟ್ಟಿದ್ದಾರೆ, ಅದರಲ್ಲೂ ಕಾಗುಣಿತ ತಪ್ಪು.”

ವೈರಕ್ಕ ಮತ್ತೆ ತಲೆಯ ಮೇಲೆ ಕೈಹೊತ್ತಳು.

“ಯಾಕೆ, ನಾನೇನು ಕಳ್ಳೀನಾ?”

ಮರುದಿನ ಎಲ್ಲರಿಗೂ ಇನ್ನೊಂದು ಮೇಲ್ ಹೋಯಿತು: ‘ಪಾಸ್‌ವರ್ಡ್ ಮತ್ತೆ ಬದಲಾಯಿಸಿ. ಈ ಸಲ ನಮ್ಮಮ್ಮನಿಗೂ ಹೇಳಬೇಡಿ.’ ಸ್ವಲ್ಪ ಹೊತ್ತಿಗೆಲ್ಲ ಮನೆಯ ಮುಂದೆ ಮಕ್ಕಳ ಸಾಲು.

“ಅಜ್ಜೀ, ಇದು ನಿಜಾನಾ?”

ಅಜ್ಜಿ ಮುಖ ಊದಿಸಿಕೊಂಡೇ ಪ್ರತಿಯೊಬ್ಬರಿಗೂ “ಹೂಂ, ನಿಜ” ಎಂದು ಹೇಳಿ ಕಳಿಸಿದಳು.