ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ

ಗಂಡನ ಕೈಲಿ ಏಟು ತಿಂದು ಓಡಿಬಂದ ಹೆಂಗಸರನ್ನು ಕಾಯುವ ಮನೆ ಅದು. ಎಲ್ಲಿದೆ ಅಂತ ಹೊರಗಿನ ಒಂದು ನರಪಿಳ್ಳೆಗೂ ಹೇಳುತ್ತಿರಲಿಲ್ಲ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಕಾಗದಪತ್ರ ನೋಡುತ್ತಿದ್ದವಳನ್ನು ಎಲ್ಲರೂ ಟೈಪಿಸ್ಟಕ್ಕ ಅನ್ನುತ್ತಿದ್ದರು. ಟೈಪ್ ಮಾಡುವ ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಯಿತೋ, ಹೆಸರು ಮಾತ್ರ ಅಂಟಿಕೊಂಡಿತ್ತು.

ಅವಳದೇ ಒಂದು ಪದ್ಧತಿ. ಕಂಪ್ಯೂಟರಿನಲ್ಲಿ ಸಂಸಾರಕ್ಕೊಂದು ಕಾರ್ಡು. ಮೇಲೆ ಹೆಂಡತಿಯ ಇಮೇಲ್, ಕೋರ್ಟಿನಲ್ಲಿ ಕೇಸಿದ್ದರೆ ಅದರ ಕೆಳಗೆ ಗಂಡನದು. ಕೋರ್ಟಿನ ತಾರೀಖು ಆ ಪುಣ್ಯಾತ್ಮನಿಗೂ ತಿಳಿಸಬೇಕಲ್ಲ. ಗುಂಪಿಗೆ ಪತ್ರ ಹಾಕಿದರೆ ಹಳೇ ಪ್ರೋಗ್ರಾಮು ಮೇಲಿನ ಸಾಲಿಗಷ್ಟೇ ಕಳಿಸುತ್ತಿತ್ತು. ಅದರ ಗುಣವೆಲ್ಲ ಅವಳಿಗೆ ಅಂಗೈ ಗೆರೆಯಷ್ಟೇ ಚೆನ್ನಾಗಿ ಗೊತ್ತು.

ಸೋಮವಾರ ಹೊಸ ಪ್ರೋಗ್ರಾಮು ಬಂತು. ಕಾರ್ಡುಗಳೇನೋ ಬಂದವು, ಗುಂಪುಗಳು ಬರಲಿಲ್ಲ. ಎರಡು ದಿನ ಕಣ್ಣು ಕಿತ್ತುಹೋಗುವಂತೆ ಕೂತು ವಾರಕ್ಕೊಮ್ಮೆ ಹೊಲಿಗೆಗೆ ಬರುವ ಹೆಂಗಸರ ಗುಂಪನ್ನು ಮತ್ತೆ ಕಟ್ಟಿದಳು. ಹಳೆಯದರಲ್ಲಿ ಮೂವತ್ತನಾಲ್ಕು ಕಾರ್ಡು, ಇದರಲ್ಲೂ ಮೂವತ್ತನಾಲ್ಕು. ಸರಿ ಅಂತ ಪತ್ರ ಕಳಿಸಿದಳು. ‘ಶುಕ್ರವಾರ ಹನ್ನೊಂದಕ್ಕೆ ಬನ್ನಿ. ಹೊಸದಾಗಿ ಬರುವವರಿಗೆ: ಔಷಧಿ ಅಂಗಡಿ ಹಿಂದಿನ ಗಲ್ಲಿ, ಹಸಿರು ಬಾಗಿಲು.’ ಹೊಸ ಪ್ರೋಗ್ರಾಮು ಕಾರ್ಡಿನಲ್ಲಿರುವ ಎಲ್ಲಾ ಸಾಲಿಗೂ ಕಳಿಸುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ, ಅದನ್ನೂ ಹೇಳಬೇಕು.

ಶುಕ್ರವಾರ ಹಸಿರು ಬಾಗಿಲು ತಟ್ಟಿದ್ದು ಒಬ್ಬ ಲಾರಿ ಡ್ರೈವರ್. ಕೈಯಲ್ಲಿ ಚಕ್ರದ ಬೋಲ್ಟು ಬಿಚ್ಚುವ ಕಬ್ಬಿಣದ ಪಾನ. ಹೊರಗೆ ಬಾಡಿಗೆ ಕೋಣೆ ಮಾಡಿಕೊಂಡು, ವಾರಕ್ಕೊಮ್ಮೆ ಇಲ್ಲಿ ಗುಂಡಿ ಹೊಲಿಯಲು ಬರುತ್ತಿದ್ದ ಹುಡುಗಿಯ ಗಂಡ.

“ಎಲ್ಲಿ ಅವಳು?”

“ಇಲ್ಲಿ ಅಂಥವರು ಯಾರೂ ಇಲ್ಲಪ್ಪ,” ಅಂದಳು ಬಾಗಿಲು ತೆರೆದ ಟೈಪಿಸ್ಟಕ್ಕ.

ಪಾನ ಅವಳ ಬಲ ಮೊಣಕೈಗೆ ಬಿತ್ತು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಅವನು ಫೋನನ್ನು ಅವಳ ಮೂಗಿಗೆ ಹಿಡಿದ. “ನೀನೇ ಕರೆದಿದ್ದೀಯಲ್ಲೇ ಮುದುಕಿ.” ತನ್ನದೇ ಪತ್ರ. ಅವನು ಅವಳನ್ನು ತುಳಿದುಕೊಂಡೇ ಒಳಗೆ ನುಗ್ಗಿದ.

ಗುಂಡಿ ಹುಡುಗಿ ಮೇಜಿನ ಕೆಳಗೆ ತೂರುವಷ್ಟರಲ್ಲಿ ಜಡೆ ಹಿಡಿದು ಎಳೆದ. ಮೊದಲ ಏಟಿಗೇ ಕೆನ್ನೆ ಒಡೆದು ಹಲ್ಲು ನೆಲಕ್ಕೆ ಬಿದ್ದವು, ಎರಡನೆಯದು ಕಣ್ಣಿಗೆ. ಮೂರನೆಯದಕ್ಕೆ ಕೈ ಎತ್ತಿದಾಗ ಟೈಪಿಸ್ಟಕ್ಕ ತೆವಳಿಕೊಂಡು ಹೋಗಿ ಅವನ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿದಳು. ಬಾಯಿ ತುಂಬ ರಕ್ತವಾದರೂ ಬಿಡಲಿಲ್ಲ. ಅವನು ಬೂಟಿನಿಂದ ಅವಳ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅಷ್ಟರಲ್ಲಿ ಬಟ್ಟೆ ಕತ್ತರಿಸುವ ಹೆಂಗಸು ದೊಡ್ಡ ಕತ್ತರಿಯನ್ನು ಅವನ ತೊಡೆಗೆ ಹಿಡಿಯವರೆಗೂ ಇಳಿಸಿದಳು. ಅವನು ಉರುಳಿದ ಮೇಲೆ ಏಳೆಂಟು ಹೆಂಗಸರು ಸೇರಿ ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಪೊಲೀಸರು ಬಿಡಿಸದಿದ್ದರೆ ಅವನ ಕಥೆ ಅಲ್ಲೇ ಮುಗಿಯುತ್ತಿತ್ತು.

ಮಧ್ಯಾಹ್ನ ಆಸ್ಪತ್ರೆಗೆ ಆ ಮನೆ ನಡೆಸುವ ಮೇಡಂ ಬಂದು, “ನೀವಿಲ್ಲದಿದ್ದರೆ ಹುಡುಗಿ ಉಳೀತಿರಲಿಲ್ಲ,” ಅಂತ ಬೆನ್ನು ಸವರಿ ಹೋದರು. ಪ್ಲಾಸ್ಟರ್ ಹಾಕಿಸಿಕೊಂಡ ಟೈಪಿಸ್ಟಕ್ಕ ಪತ್ರದ ವಿಷಯ ಬಚ್ಚಿಟ್ಟಳು. ಬಾಯಿಬಿಟ್ಟರೆ ಕೆಲಸ ಹೋಯಿತು, ಹತ್ತೊಂಬತ್ತು ವರ್ಷದ ಮರ್ಯಾದೆಯೂ ಹೋಯಿತು. ಹುಡುಗಿಯ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಹುಡುಗಿಯ ಎಡಗಣ್ಣು ಹೋಗಿತ್ತು.

“ಅವನಿಗೆ ಜಾಗ ಯಾರು ಹೇಳಿದ್ರಕ್ಕಾ?” ಅಂದಳು ಹುಡುಗಿ, ಊದಿದ ಬಾಯಲ್ಲಿ.

ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡಳು.

“ನಾನೇ ಕಣಮ್ಮ. ನಿಮಗೆ ಕಳಿಸಿದ ಪತ್ರ ಅವನಿಗೂ ಹೋಗಿದೆ. ನೋಡಿಕೊಳ್ಳಲಿಲ್ಲ ನಾನು.” ಅಂದವಳೇ ಗಳಗಳ ಅತ್ತಳು.

ಹುಡುಗಿ ಉಳಿದ ಒಂದು ಕಣ್ಣಲ್ಲಿ ಅವಳನ್ನೇ ನೋಡಿದಳು. ಬೈಯುತ್ತಾಳೆ, ಉಗಿಯುತ್ತಾಳೆ ಅಂತ ಟೈಪಿಸ್ಟಕ್ಕ ತಲೆ ತಗ್ಗಿಸಿದಳು.

“ಇವನೊಬ್ಬನಿಗೇನಾ?”

“ಹನ್ನೊಂದು ಜನಕ್ಕೆ.”

“ಮೇಡಂಗೆ ಗೊತ್ತಾ?”

“ಇಲ್ಲ.”

“ಆ ಮನೆಯೊಳಗೆ ಮಕ್ಕಳೂ ಇದಾರೆ,” ಅಂದಳು ಹುಡುಗಿ. “ಇಲ್ಲಿ ಕೂತು ಅಳ್ತಿದೀರಲ್ಲ. ಎದ್ದು ಹೋಗಿ, ಮೇಡಂಗೆ ಹೇಳಿ.”